ಪವಾಡಕ್ಕೆ ಎಷ್ಟು ಪಾಸ್ಕಲ್?

ತುಂಗಭದ್ರೆಯ ದಂಡೆಗೆ ಸರಪಳಿ ಕಡಿಯುವುದು ಹೊಸದಲ್ಲ. ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಗೆ ಲಕ್ಷಗಟ್ಟಲೆ ಜನ ಸೇರುತ್ತಾರೆ. ಗೊರವಯ್ಯ ಬಿಲ್ಲೇರಿ ಕಾರ್ಣಿಕದ ಭವಿಷ್ಯವಾಣಿ ನುಡಿದಾದ ಮೇಲೆ ಪವಾಡಗಳ ಸರದಿ. ಗೊರವರು, ಕಂಚಾವೀರರು ಗುಡಿಯ ಮುಂದೆ ಇಳಿಯುತ್ತಾರೆ. ಕಾಲಿನ ಮೀನಖಂಡದಲ್ಲಿ ಗೂಟ ತೂರಿಸಿಕೊಳ್ಳುವುದು ಭಗಣಿಗೂಟದ ಪವಾಡ. ಕಬ್ಬಿಣದ ಸರಪಳಿಯನ್ನು ಜಗ್ಗಿ ಕಡಿಯುವುದು ಸರಪಳಿ ಪವಾಡ. ಸರಪಳಿ ಎರಡಾದ ಗಳಿಗೆಗೆ ಭಂಡಾರ ಮೇಲೇಳುತ್ತದೆ, 'ಏಳು ಕೋಟಿ'ಯ ಕೂಗು ಮುಗಿಲು ಮುಟ್ಟುತ್ತದೆ.

ಅದೇ ಹೊಳೆ ಮೈಲಾರ ದಾಟಿ, ಹಡಗಲಿ–ಹಗರಿಬೊಮ್ಮನಹಳ್ಳಿ ಸೀಮೆಯಲ್ಲಿ ಹಿನ್ನೀರಾಗಿ ಹರಡಿಕೊಂಡು, ಹೊಸಪೇಟೆ ಹತ್ತಿರದ ಅಣೆಕಟ್ಟೆಗೆ ಬಂದು ನಿಲ್ಲುತ್ತದೆ. ಅಲ್ಲಿ 2024ರ ಆಗಸ್ಟ್ 10ರ ರಾತ್ರಿ ಇನ್ನೊಂದು ಸರಪಳಿ ಕಡಿಯಿತು. 33 ಕ್ರಸ್ಟ್ ಗೇಟುಗಳ ಪೈಕಿ 19ನೆಯದನ್ನು ಹಿಡಿದಿದ್ದ ಸರಪಳಿ ಅದು. ಗೇಟು ಕೊಚ್ಚಿಹೋಯಿತು. ತುಂಬಿ ನಿಂತಿದ್ದ ಜಲಾಶಯದ ನೀರು ಹೊಳೆಗೆ ನುಗ್ಗಿತು, ಉಳಿದ ಗೇಟುಗಳನ್ನೂ ಎತ್ತಿ ಕಟ್ಟೆಯ ಮೇಲಿನ ಭಾರ ಇಳಿಸಬೇಕಾಯಿತು. ಬೆಳೆಗೆ ಕಾದಿಟ್ಟ ನೀರು ಕಣ್ಣೆದುರೇ ಹರಿದುಹೋಯಿತು. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮುಂದಾಳತ್ವದಲ್ಲಿ ಕೆಲಸಗಾರರು ಹರಿಯುವ ನೀರಿನಲ್ಲೇ ತಾತ್ಕಾಲಿಕ ತಡೆಹಲಗೆಗಳನ್ನು ಇಳಿಸುವ ಹೊತ್ತಿಗೆ ಸುಮಾರು ಒಂದು ವಾರವೇ ಕಳೆದಿತ್ತು.

ಮೈಲಾರದ್ದು ಪವಾಡ, ಹೊಸಪೇಟೆಯದು ಅಪಘಾತ. ಕಬ್ಬಿಣಕ್ಕೆ ಈ ವ್ಯತ್ಯಾಸ ತಿಳಿಯದು. ಕೊಂಡಿಯ ದಪ್ಪದ ಒಂದೊಂದು ಚದರ ಮಿಲಿಮೀಟರಿಗೆ ಇಂತಿಷ್ಟು ಬಲ ಬಿದ್ದರೆ ಅದು ಹಿಗ್ಗುತ್ತದೆ, ಇನ್ನಷ್ಟು ಬಿದ್ದರೆ ಹರಿಯುತ್ತದೆ. ಸಾಮಾನ್ಯ ಮೆದು ಉಕ್ಕು ಸುಮಾರು 250 ಮೆಗಾಪಾಸ್ಕಲ್‌ಗೆ ಸೋಲಲು ಶುರುಮಾಡಿ, 400ರ ಆಸುಪಾಸಿನಲ್ಲಿ ಕೈಬಿಡುತ್ತದೆ. 4 ಮಿಲಿಮೀಟರ್ ಸರಳಿನಿಂದ ಮಾಡಿದ, ದೋಷವಿಲ್ಲದ ಒಂದು ಕೊಂಡಿಯನ್ನು ನಿಧಾನವಾಗಿ ಎಳೆದು ಕಡಿಯಬೇಕಾದರೆ ಹತ್ತಿರ ಹತ್ತಿರ ಒಂದು ಟನ್ ಭಾರ ತೂಗುಹಾಕಬೇಕು. ಒಂದೇ ಏಟಿಗೆ ಜಗ್ಗಿದರೆ, ಒಂದು ಬೆಸುಗೆ ಸಡಿಲವಿದ್ದರೆ, ಒಂದು ಕಡೆ ತುಕ್ಕು ತಿಂದಿದ್ದರೆ ಲೆಕ್ಕವೇ ಬೇರೆ.

ಹಾಗಾದರೆ ಇದರಲ್ಲಿ ಭಕ್ತಿಯ ಪಾಲೆಷ್ಟು, ಉಕ್ಕಿನ ಪಾಲೆಷ್ಟು? ಅಳತೆಗೋಲು ಬಂದ ಕಡೆಯಿಂದ ದೇವರು ಜಾಗ ಖಾಲಿ ಮಾಡುತ್ತಾನೆಯೇ? ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈಗ ವಿಜಯನಗರ ಜಿಲ್ಲೆಯ ತಾಲ್ಲೂಕುಗಳು. ಈ ಸೀಮೆಯಲ್ಲಿ ಆ ಪ್ರಶ್ನೆಯನ್ನು ಪುಸ್ತಕ ತೆರೆದು ಹುಡುಕಬೇಕಿಲ್ಲ, ಜಾತ್ರೆಯಲ್ಲೇ ಎದುರಾಗುತ್ತದೆ.

ಪಾಸ್ಕಲ್ ಎಂಬ ಹೆಸರು ಕೇಳದವರೂ ಇಲ್ಲಿ ದಿನಾ ಒತ್ತಡ ಅಳೆಯುತ್ತಾರೆ. ಕೂಡ್ಲಿಗಿ ಮೇಲೆ ಹಾಯುವ 50ನೇ ರಾಷ್ಟ್ರೀಯ ಹೆದ್ದಾರಿಯ ಪಂಕ್ಚರ್ ಅಂಗಡಿಯಲ್ಲಿ ಬೈಕ್ ನಿಲ್ಲಿಸಿ 'ಮುಂದಕ್ಕೆ 25, ಹಿಂದಕ್ಕೆ 32 ಹಾಕಣ್ಣ' ಎಂದರೆ ಅದು ಪಿಎಸ್‌ಐ, ಅಂದರೆ ಒಂದು ಚದರ ಅಂಗುಲಕ್ಕೆ ಇಷ್ಟು ಪೌಂಡು. ಬ್ರಿಟಿಷರು ಹೋದರೂ ಅವರ ಪೌಂಡು ಟೈರಿನೊಳಗೆ ಉಳಿದುಕೊಂಡಿದೆ. ಆಸ್ಪತ್ರೆಯಲ್ಲಿ ನರ್ಸ್ '150ಕ್ಕೆ 90 ಐತಿ ಅಜ್ಜ, ಉಪ್ಪು ಕಡಿಮೆ ಮಾಡ್ರಿ' ಎಂದರೆ ಅದು ಪಾದರಸದ ಮಿಲಿಮೀಟರ್. ಮನೆ ಕಟ್ಟುವವರು ಕೇಳುವ '53 ಗ್ರೇಡ್' ಸಿಮೆಂಟು, ಆ ಸಿಮೆಂಟಿನ ಗಾರೆಯ ತುಂಡು 28 ದಿನಕ್ಕೆ 53 ಮೆಗಾಪಾಸ್ಕಲ್ ಒತ್ತು ತಡೆಯಬೇಕೆಂಬ ಷರತ್ತು. ಕಂಬಿಯ ಮೇಲಿನ 500 ಎಂಬ ಅಂಕಿಯೂ ಮೆಗಾಪಾಸ್ಕಲ್ಲೇ. ಹೊರಗಿನಿಂದ ಒತ್ತುವುದಕ್ಕೂ, ವಸ್ತು ತನ್ನೊಳಗೆ ತಡೆದುಕೊಳ್ಳುವ ಪೀಡನಕ್ಕೂ ಮಾನ ಒಂದೇ: ಬಲವನ್ನು ಅದು ಹಂಚಿಹೋದ ಜಾಗದಿಂದ ಭಾಗಿಸಿದರೆ ಬರುವ ಉತ್ತರ.

ಒಂದು ಪಾಸ್ಕಲ್ ಎಂದರೆ ಒಂದು ಚದರ ಮೀಟರ್ ಮೇಲೆ ಒಂದು ನ್ಯೂಟನ್ ಬಲ. ತೀರಾ ಅಲ್ಪ. ಮೇಜಿನ ಮೇಲೆ ಸುಮ್ಮನೆ ಬಿದ್ದಿರುವ ಒಂದು ಜೆರಾಕ್ಸ್ ಹಾಳೆಯ ಒತ್ತಡ ಅಷ್ಟೂ ಇರುವುದಿಲ್ಲ. ಅದಕ್ಕೇ ಟೈರಿನವರು ಲಕ್ಷಗಳಲ್ಲಿ, ಸಿಮೆಂಟಿನವರು ಕೋಟಿಗಳಲ್ಲಿ ಪಾಸ್ಕಲ್ ಎಣಿಸಬೇಕಾಗುತ್ತದೆ. 1971ರಲ್ಲಿ ಅಳತೆ–ತೂಕಗಳ ಅಂತರರಾಷ್ಟ್ರೀಯ ಮಹಾಸಭೆ ಈ ಮಾನಕ್ಕೆ ಆ ಹೆಸರಿಟ್ಟಾಗ ವಿಜ್ಞಾನಿಯೊಬ್ಬನಿಗೆ ಗೌರವ ಸಲ್ಲಿಸಿದಂತಾಯಿತು. ಆದರೆ ಆ ವಿಜ್ಞಾನಿ ಮೈಲಾರದ ಜಾತ್ರೆಗೆ ಬಂದಿದ್ದರೆ ಯಾವ ಕಡೆ ನಿಲ್ಲುತ್ತಿದ್ದ ಎಂದು ಊಹಿಸುವುದು ಅಂಥ ಸುಲಭವಲ್ಲ.

ಬ್ಲೇಸ್ ಪಾಸ್ಕಲ್ 1623ರಲ್ಲಿ ಫ್ರಾನ್ಸಿನ ಕ್ಲೆರ್ಮೊಂನಲ್ಲಿ ಹುಟ್ಟಿದವನು. ಇಟಲಿಯ ಟೊರಿಚೆಲ್ಲಿ ಪಾದರಸದ ಕೊಳವೆಯಿಂದ ಗಾಳಿಗೂ ಭಾರವಿದೆ ಎಂದು ತೋರಿಸಿ ಪಾಸ್ಕಲ್ ಯುವಕನಾಗಿದ್ದಾಗ ಇನ್ನೂ ಕೆಲವೇ ವರ್ಷಗಳಾಗಿದ್ದವು. ಅದು ನಿಜವಾದರೆ ಬೆಟ್ಟದ ತುದಿಯಲ್ಲಿ ಭಾರ ಕಡಿಮೆಯಾಗಬೇಕಲ್ಲ ಎಂದು ಪಾಸ್ಕಲ್ ಯೋಚಿಸಿದ. ತಾನು ಪ್ಯಾರಿಸ್ಸಿನಲ್ಲಿದ್ದುದರಿಂದ ಊರಿನಲ್ಲಿದ್ದ ಭಾವ ಪೆರಿಯೆಗೆ ಪತ್ರ ಬರೆದ. 1648ರ ಸೆಪ್ಟೆಂಬರ್ 19ರಂದು ಪೆರಿಯೆ ಪ್ಯುಯ್ ದ ಡೋಮ್ ಬೆಟ್ಟ ಹತ್ತಿದ. ಹೊರಡುವ ಮುಂಚೆ ಒಂದು ಕೊಳವೆಯನ್ನು ಕೆಳಗೆ ಸನ್ಯಾಸಿಗಳ ಮಠದ ತೋಟದಲ್ಲಿ ನಿಲ್ಲಿಸಿ, ಒಬ್ಬ ಸನ್ಯಾಸಿಯನ್ನೇ ದಿನವಿಡೀ ಅದರ ಕಾವಲಿಗೆ ಕೂರಿಸಿದ್ದ. ಬೆಟ್ಟದ ಮೇಲೆ ಪಾದರಸ ಮೂರು ಅಂಗುಲಕ್ಕೂ ಹೆಚ್ಚು ಇಳಿಯಿತು. ಮಠದ ತೋಟದಲ್ಲಿದ್ದದ್ದು ಇದ್ದಲ್ಲೇ ಇತ್ತು. ವಾಯುಭಾರ ಎತ್ತರಕ್ಕೆ ತಕ್ಕಂತೆ ತಗ್ಗುತ್ತದೆ ಎಂಬುದಕ್ಕೆ ಸಿಕ್ಕ ಮೊದಲ ಗಟ್ಟಿ ಪುರಾವೆ ಅದು. ಅದರ ಅರ್ಧಕ್ಕೆ ಸಾಕ್ಷಿಯಾಗಿ ಕುಳಿತವನು ಒಬ್ಬ ಸನ್ಯಾಸಿ ಎಂಬುದನ್ನು ವಿಜ್ಞಾನ–ಧರ್ಮಗಳ ಜಗಳ ಹೇಳುವವರು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ.

ಮುಂದಿನದು ಇನ್ನೂ ವಿಚಿತ್ರ. 1654ರ ನವೆಂಬರ್ 23ರ ರಾತ್ರಿ ಸುಮಾರು ಎರಡು ತಾಸು ಪಾಸ್ಕಲ್‌ಗೆ ಏನೋ ಕಂಡಿತು. ಬೆಂಕಿ ಎಂದು ಬರೆದುಕೊಂಡ. ಪಂಡಿತರು ವಾದಿಸುವ ದೇವರನ್ನು ಬದಿಗಿಟ್ಟು, ಹಿರಿಯರು ನಂಬಿ ನಡೆದ ದೇವರನ್ನು ಹಿಡಿದೆ ಎಂಬ ಅರ್ಥದ ಕೆಲವು ಸಾಲು ಬರೆದು, ಆ ಹಾಳೆಯನ್ನು ಕೋಟಿನ ಅಸ್ತರಿನೊಳಗೆ ಹೊಲಿದಿಟ್ಟುಕೊಂಡ. ಸತ್ತ ಮೇಲೆಯೇ ಅದು ಸಿಕ್ಕಿದ್ದು. ಎರಡು ವರ್ಷದೊಳಗೆ, 1656ರ ಮಾರ್ಚ್ 24ರಂದು, ಕಣ್ಣಿನ ಮೂಲೆಯ ಕೀವುಹುಣ್ಣಿನಿಂದ ನರಳುತ್ತಿದ್ದ ಅವನ ಅಕ್ಕನ ಮಗಳು ಮಾರ್ಗರೀತಳ ಕಣ್ಣಿಗೆ ಪೋರ್ ರೊಯಾಲ್ ಮಠದಲ್ಲಿ ಒಂದು ಮುಳ್ಳು ಮುಟ್ಟಿಸಿದರು. ಯೇಸುವಿನ ಮುಳ್ಳಿನ ಕಿರೀಟದ್ದೆಂದು ನಂಬಿ ಪೂಜಿಸುತ್ತಿದ್ದ ಮುಳ್ಳು ಅದು. ಹುಡುಗಿಯ ಕಣ್ಣು ವಾಸಿಯಾಯಿತು. ವೈದ್ಯರ ಹೇಳಿಕೆ ಪಡೆದು ಚರ್ಚು ಅದನ್ನು ಪವಾಡವೆಂದು ಸಾರಿತು. ಗಾಳಿಯ ಭಾರ ಲೆಕ್ಕ ಹಾಕಿದ್ದ ಸೋದರಮಾವ ತನ್ನ ಮುದ್ರೆಯನ್ನೇ ಬದಲಿಸಿ, ಮುಳ್ಳಿನ ಕಿರೀಟದ ನಡುವೆ ಒಂದು ಕಣ್ಣು ಕೆತ್ತಿಸಿಕೊಂಡ.

ಅಷ್ಟಕ್ಕೇ ನಿಲ್ಲಲಿಲ್ಲ. ಅಕ್ಕ ಬರೆದಿಟ್ಟ ಜೀವನಚರಿತ್ರೆಯ ಪ್ರಕಾರ ಪಾಸ್ಕಲ್ ಮೊಳೆಗಳಿರುವ ಕಬ್ಬಿಣದ ಪಟ್ಟಿಯೊಂದನ್ನು ಬರಿಮೈಗೆ ಕಟ್ಟಿಕೊಳ್ಳುತ್ತಿದ್ದ. ಜನ ಬಂದು ಮಾತಾಡುವಾಗ ತನ್ನೊಳಗೆ ಹಮ್ಮು ತಲೆಯೆತ್ತಿತು ಅನ್ನಿಸಿದರೆ ಮೊಣಕೈಯಿಂದ ಆ ಪಟ್ಟಿಯನ್ನು ಒತ್ತಿಕೊಳ್ಳುತ್ತಿದ್ದ. 1662ರಲ್ಲಿ, 39ನೇ ವಯಸ್ಸಿಗೆ ತೀರಿಕೊಂಡ. ಒತ್ತಡದ ಮಾನಕ್ಕೆ ಹೆಸರಾದವನು ಒತ್ತಡವನ್ನು ತನ್ನ ಮೈಮೇಲೆಯೇ ಪ್ರಯೋಗಿಸಿಕೊಳ್ಳುತ್ತಿದ್ದ. ಅದನ್ನು ಯಾವ ಮಾನದಲ್ಲೂ ಬರೆದಿಡಲಿಲ್ಲ.

ಮುಳ್ಳಿನ ಲೆಕ್ಕ ಈ ಸೀಮೆಯವರಿಗೆ ಹೇಳಿಕೊಡಬೇಕಾಗಿಲ್ಲ. ಜಾಲಿಮುಳ್ಳಿನ ಮೊನೆ ಒಂದು ಮಿಲಿಮೀಟರಿನ ಹತ್ತನೇ ಒಂದು ಪಾಲು ಅಗಲ ಎಂದಿಟ್ಟುಕೊಳ್ಳಿ. ಅದರ ಮೇಲೆ ಬರೀ ನೂರು ಗ್ರಾಂ ತೂಕ ಬಿದ್ದರೂ ಮೊನೆಯಲ್ಲಿ 120 ಮೆಗಾಪಾಸ್ಕಲ್ ದಾಟುತ್ತದೆ. ಗ್ರಾನೈಟ್ ಬಂಡೆ ಪುಡಿಯಾಗುವುದೂ ಹೆಚ್ಚುಕಡಿಮೆ ಅಲ್ಲಿಂದಲೇ ಶುರು. ಗುಡೇಕೋಟೆಯ ಕೋಟೆಗಲ್ಲು ಹೊತ್ತ ಒತ್ತಡಕ್ಕಿಂತ ಕುರಿ ಕಾಯುವ ಹುಡುಗನ ಹಿಮ್ಮಡಿ ಹೊತ್ತದ್ದು ಹೆಚ್ಚಿರಬಹುದು.

ಮುಳ್ಳಾವಿಗೆಯನ್ನು ಈ ಲೆಕ್ಕದಲ್ಲಿ ನೋಡಬೇಕು. ಮೊಳೆ ಮೇಲ್ಮುಖವಾಗಿ ನೆಟ್ಟ ಮರದ ಪಾದುಕೆ ಮೆಟ್ಟಿ ನಡೆಯುವ ಹರಕೆ ಕರ್ನಾಟಕದ ಎಷ್ಟೋ ಕಡೆ ಇದೆ. 60 ಕಿಲೋ ತೂಗುವ ಮನುಷ್ಯ ಬರಿಗಾಲಲ್ಲಿ ನಿಂತರೆ ಅಂಗಾಲಿನ ಮೇಲೆ ಸುಮಾರು 20 ಕಿಲೋಪಾಸ್ಕಲ್. ಒಂದೇ ಮೊಳೆಯ ಒಂದು ಚದರ ಮಿಲಿಮೀಟರ್ ತುದಿಯ ಮೇಲೆ ಅಷ್ಟೂ ಭಾರ ಹಾಕಿದರೆ 590 ಮೆಗಾಪಾಸ್ಕಲ್, ಕಾಲು ತೂತಾಗುತ್ತದೆ. ಎರಡೂ ಪಾದುಕೆ ಸೇರಿ ಇನ್ನೂರು ಮೊಳೆಗಳಿದ್ದರೆ ಒಂದೊಂದಕ್ಕೆ ಬರುವುದು 3 ಮೆಗಾಪಾಸ್ಕಲ್ ಅಷ್ಟೇ. ನಡೆಯುವಾಗ ಒಂದೇ ಕಾಲಿನ ಮೇಲೆ ನಿಲ್ಲುವ ಗಳಿಗೆಗೆ ಅದು ಇಮ್ಮಡಿ. ಹಾಗಾಗಿ ಗುಟ್ಟಿರುವುದು ಕಾಲಿಡುವ ಬಗೆಯಲ್ಲಿ: ಅಂಗಾಲು ಪೂರ್ತಿ ಒಮ್ಮೆಗೇ ಇಳಿಯಬೇಕು, ಜಾರಬಾರದು, ಅರೆಮನಸ್ಸಿನಿಂದ ಬೆರಳ ತುದಿ ಊರಬಾರದು.

ಈ ಲೆಕ್ಕ ಕೇಳಿ 'ಓಹೋ, ಇಷ್ಟೇನಾ' ಎನ್ನುವವರು ಒಂದು ಸಲ ಮೆಟ್ಟಿ ನೋಡಲಿ. ಹೇಗೆ ಕಾಲಿಡಬೇಕೆಂದು ಹರಕೆಯವನಿಗೆ ಭೌತವಿಜ್ಞಾನದ ಮೇಷ್ಟರಿಗಿಂತ ಚೆನ್ನಾಗಿ ಗೊತ್ತು. ಅದು ಅವನ ಹಿರಿಯರಿಂದ ಕಾಲಿಗೆ ಬಂದ ಪಾಠ. ಭಾಗಾಕಾರ ಹೇಳುವುದು ಚರ್ಮ ಯಾಕೆ ಹರಿಯಲಿಲ್ಲ ಎಂಬುದನ್ನು. ಅವನು ಯಾಕೆ ಮೆಟ್ಟಿದ, ಯಾರ ಕಾಯಿಲೆ ವಾಸಿಯಾಗಲೆಂದು ಹೊತ್ತ, ಮೆಟ್ಟಿ ಇಳಿದ ಮೇಲೆ ಅವನ ಮುಖ ಯಾಕೆ ಹಾಗಿತ್ತು ಎಂಬುದಕ್ಕೆ ಆ ಭಾಗಾಕಾರದಲ್ಲಿ ಶೇಷವೂ ಇಲ್ಲ. ನೋವು ಒತ್ತಡದಿಂದ ಬರುತ್ತದೆ ನಿಜ, ಆದರೆ ಇಂತಿಷ್ಟು ಪಾಸ್ಕಲ್‌ಗೆ ಇಂತಿಷ್ಟು ನೋವು ಎಂಬ ಕೋಷ್ಟಕ ಮಾಡಲು ಬರುವುದಿಲ್ಲ. ದಾವಣಗೆರೆ ಕಡೆಯಿಂದ ಕೊಟ್ಟೂರಿನ ಜಾತ್ರೆಗೆ ನಡೆದು ಬರುವವರ ಕಾಲಿನ ಬೊಬ್ಬೆಗೂ ಇದೇ ಮಾತು. ಬೊಬ್ಬೆ ಏಳುವುದು ಮೇಲಿನಿಂದ ಬೀಳುವ ಒತ್ತಿಗಿಂತ ಹೆಚ್ಚಾಗಿ ಚರ್ಮದ ಪದರಗಳನ್ನು ಅಡ್ಡಡ್ಡ ಎಳೆಯುವ ಬಲದಿಂದ. ಡಾಕ್ಟರಿಗೆ ಅದು ಗೊತ್ತು, ನಡೆಯುವವರಿಗೂ ಗೊತ್ತು. ಅವರು ಬರುವ ವರ್ಷ ಮತ್ತೆ ಹೊರಡುತ್ತಾರೆ.

ಇಲ್ಲಿಯವರೆಗೆ ಅಳತೆಗೂ ಭಕ್ತಿಗೂ ಜಗಳವಿಲ್ಲ. ಜಗಳ ಶುರುವಾಗುವುದು ಏನಾದರೂ ಮುರಿದು ಜನರ ಮೇಲೆ ಬಿದ್ದಾಗ.

ಕೊಟ್ಟೂರಿನ ಗುರುಬಸವೇಶ್ವರ ಈ ಭಾಗದ ಪಂಚಗಣಾಧೀಶ್ವರರಲ್ಲಿ ಒಬ್ಬ. ಹರಪನಹಳ್ಳಿಯ ಕೆಂಪೇಶ್ವರ, ಅರಸೀಕೆರೆಯ ಕೋಲಶಾಂತೇಶ್ವರ, ಕೂಲಹಳ್ಳಿಯ ಮದ್ದಾನೇಶ್ವರ, ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿ ಉಳಿದ ನಾಲ್ವರು. 'ಮಾಡಿದಷ್ಟು ನೀಡು ಭಿಕ್ಷೆ' ಎಂದು ತಿಪ್ಪೇರುದ್ರಸ್ವಾಮಿ ಹೇಳಿದ್ದು ಈ ಕಡೆ ಹಸುಗೂಸಿಗೂ ಗೊತ್ತು. ಈ ನೆಲದ ಸಂತರಿಗೆ ಅಳತೆ ಕಂಡರೆ ಅಲರ್ಜಿ ಇರಲಿಲ್ಲ ಅನ್ನುವುದಕ್ಕೆ ಅಷ್ಟು ಸಾಕು. ಕೊಟ್ಟೂರಿನ ತೇರು ಮಾಘ ಬಹುಳದಲ್ಲಿ, ಮೂಲಾ ನಕ್ಷತ್ರ ಕೂಡಿದ ಹೊತ್ತಿಗೆ ಹೊರಡುತ್ತದೆ. ದಲಿತ ಮಹಿಳೆ ಆರತಿ ಬೆಳಗಿದ ಮೇಲೆಯೇ ಗಾಲಿ ಉರುಳಬೇಕೆಂಬುದು ನಡೆದುಬಂದ ಪದ್ಧತಿ. ಮಿಣಿಗೆ ಕೈ ಹಚ್ಚಲು ನೂಕುನುಗ್ಗಲು, ಮೇಲಕ್ಕೆ ತೂರುವ ಬಾಳೆಹಣ್ಣು–ಉತ್ತತ್ತಿ, ಗಾಲಿಗೆ ಅಡ್ಡ ಕಟ್ಟಿಗೆ ಕೊಟ್ಟು ದಿಕ್ಕು ತಿದ್ದುವ ಗಟ್ಟಿಗರು. ಕಡೆಯವರ ಕೆಲಸ ಎಲ್ಲಕ್ಕಿಂತ ಅಪಾಯದ್ದು, ಅವರನ್ನು ಯಾರೂ ನೋಡುವುದಿಲ್ಲ.

2017ರ ಫೆಬ್ರುವರಿ 21ರ ಸಂಜೆ ಆ ತೇರು ಉರುಳಿಬಿತ್ತು. ಸುಮಾರು 60 ಅಡಿ ಎತ್ತರದ್ದು ಸಾವಿರಾರು ಜನರ ನಡುವೆ ಒಂದು ಪಕ್ಕಕ್ಕೆ ವಾಲಿ ನೆಲಕ್ಕೆ ಬಡಿಯಿತು. ಹಲವರು ಗಾಯಗೊಂಡರು. ಅಚ್ಚು ಮುರಿದದ್ದೇ ಕಾರಣ ಎಂದು ಆಗಿನ ವರದಿಗಳು ಹೇಳಿದವು. ತೇರು ಬಿದ್ದರೆ ಊರಿಗೆ, ನಾಡಿಗೆ, ದೊರೆಗೆ ಕೇಡು ಎನ್ನುವುದು ಹಳೆಯ ನಂಬಿಕೆ. ಜನ ಶಕುನ ಎಣಿಸುವುದನ್ನು ಬಿಡುವುದಿಲ್ಲ. ಬಿಡಬೇಕೆಂದು ಹೊರಗೆ ನಿಂತು ಉಪದೇಶ ಮಾಡುವುದೂ ಅಷ್ಟು ಸಭ್ಯವಲ್ಲ.

ಆದರೆ ಅಚ್ಚಿಗೆ ಒಂದು ಲೆಕ್ಕವಿದೆ, ಅದನ್ನು ಶಕುನದವರೂ ಕೇಳಬೇಕು. ಗಾಲಿಗಳ ಮೇಲೆ ಕೂತ ಅಚ್ಚು ತೇರಿನ ಭಾರಕ್ಕೆ ಬಾಗುತ್ತದೆ. ಬಾಗಿದಾಗ ಅದರ ಒಂದು ಮೈ ಹಿಗ್ಗುತ್ತದೆ, ಎದುರಿನ ಮೈ ಕುಗ್ಗುತ್ತದೆ. ಪೀಡನ ಅತಿಹೆಚ್ಚು ಬೀಳುವುದು ಈ ಹೊರಮೈಗಳ ಮೇಲೆ. ದುಂಡನೆಯ ಅಚ್ಚಿನ ದಪ್ಪ ಅರ್ಧಕ್ಕಿಳಿದರೆ ಪೀಡನ ಎರಡು ಪಟ್ಟಾಗುವುದಿಲ್ಲ, ಎಂಟು ಪಟ್ಟಾಗುತ್ತದೆ. ಹೊರಮೈಯಲ್ಲಿ ಒಂದು ಸೀಳು, ಗೆದ್ದಲು ತಿಂದ ಒಂದು ಗೂಡು, ತುಕ್ಕು ಹಿಡಿದ ಒಂದು ಗೀರು ಇದ್ದರೆ ಪೀಡನ ಅಲ್ಲಿಗೇ ಹೋಗಿ ಜಮೆಯಾಗುತ್ತದೆ. ವರ್ಷವಿಡೀ ಬಿಸಿಲಲ್ಲಿ ಒಣಗಿ ನಿಂತ ಕಟ್ಟಿಗೆ ಜಾತ್ರೆಯ ದಿನ ಒಮ್ಮೆಲೇ ಟನ್‌ಗಟ್ಟಲೆ ಭಾರ ಹೊರಬೇಕು, ಅದೂ ನಿಂತಲ್ಲಿ ಅಲ್ಲ. ತೇರು ಉಬ್ಬುತಗ್ಗಿನಲ್ಲಿ ಕುಕ್ಕಿದ ಪ್ರತಿ ಸಲ ಭಾರ ತನ್ನಷ್ಟಕ್ಕೆ ತಾನೇ ಹೆಚ್ಚುತ್ತದೆ. ಭಾರಕೇಂದ್ರ ಎತ್ತರದಲ್ಲಿರುವುದರಿಂದ ಒಂದು ಗಾಲಿ ಕುಸಿದರೆ ಉಳಿದವು ಹಿಡಿದು ನಿಲ್ಲಿಸಲಾರವು.

ಶಕುನದ ಮಾತಿನಲ್ಲಿ ಒಂದು ಅನುಕೂಲವಿದೆ. ತೇರು ಬಿದ್ದದ್ದು ದೇವರ ಮುನಿಸಿನಿಂದ ಎಂದ ಕೂಡಲೇ ಅಚ್ಚನ್ನು ನೋಡಬೇಕಾಗಿದ್ದವರು ಯಾರು ಎಂದು ಯಾರೂ ಕೇಳುವುದಿಲ್ಲ. ಮುನಿದ ದೇವರಿಗೆ ಶಾಂತಿ ಮಾಡಿಸಬಹುದು, ಮುರಿದ ಅಚ್ಚಿಗೆ ಉತ್ತರ ಕೊಡಬೇಕಾಗುತ್ತದೆ. ದೇವರ ಹೆಸರಿನಲ್ಲಿ ನಡೆಯುವ ಇಂಥ ತಪ್ಪಿಸಿಕೊಳ್ಳುವಿಕೆಯನ್ನು ಭಕ್ತಿ ಎಂದು ಕರೆಯುವುದೇ ದೊಡ್ಡ ಅಪಚಾರ. ಕೊಟ್ಟೂರಿನ ಭಕ್ತರು ಹಾಗೆ ಕೈಚೆಲ್ಲಿ ಕೂರಲಿಲ್ಲ, ತೇರು ಮತ್ತೆ ಎದ್ದು ನಡೆದಿದೆ.

ಹಳೆಯ ಶಿಲ್ಪಿಗಳು ಈ ತಪ್ಪಿಸಿಕೊಳ್ಳುವಿಕೆಗೆ ಜಾಗವನ್ನೇ ಕೊಡಲಿಲ್ಲ. ಹರಪನಹಳ್ಳಿ ತಾಲ್ಲೂಕಿನ ಬಾಗಳಿಯ ಕಲ್ಲೇಶ್ವರ ಗುಡಿಗೆ ಸಾವಿರ ವರ್ಷ ಮೀರಿದೆ. 'ಹಂಪೆ ಹೊರಗೆ ನೋಡು, ಉಜ್ಜಿನಿ ಒಳಗೆ ನೋಡು' ಎಂಬ ಗಾದೆ ಹುಟ್ಟಿಸಿದ ಉಜ್ಜಿನಿಯ ಗುಡಿ ಕೊಟ್ಟೂರಿಗೆ ದೂರವಿಲ್ಲ. ಇಂಥ ಮಂಟಪಗಳಲ್ಲಿ ಕಂಬಗಳು ಯಾಕೆ ಅಷ್ಟು ಒತ್ತೊತ್ತಾಗಿ ನಿಂತಿವೆ ಎಂದು ನೋಡಲು ಬಂದವರು ಕೇಳುವುದುಂಟು. ಕಲ್ಲು ಒತ್ತನ್ನು ಎಷ್ಟು ಬೇಕಾದರೂ ಹೊರುತ್ತದೆ. ಎಳೆತಕ್ಕೆ ಅದರ ಹತ್ತರಲ್ಲಿ ಒಂದು ಪಾಲಿಗೇ ಸೋಲುತ್ತದೆ. ಕಲ್ಲಿನ ತೊಲೆ ಉದ್ದವಾದಷ್ಟೂ ಅದರ ಅಡಿಮೈ ಹಿಗ್ಗಿ ಬಿರಿಯುತ್ತದೆ. ಮೆಗಾಪಾಸ್ಕಲ್ ಗೊತ್ತಿಲ್ಲದ ಆ ಕೈಗಳಿಗೆ ಈ ಮಾತು ಗೊತ್ತಿತ್ತು. ಗುಡಿ ನಿಂತದ್ದು ದೇವರ ದಯೆಯಿಂದ ಎನ್ನುವುದಕ್ಕೆ ಅವರೂ ಒಪ್ಪುತ್ತಿದ್ದರೇನೋ, ಆದರೆ ತೊಲೆಯನ್ನು ಮಾತ್ರ ಗಿಡ್ಡವಾಗಿಯೇ ಕಡಿದರು.

ಕಾರ್ಣಿಕದ ವಿಚಾರ ಸ್ವಲ್ಪ ಬೇರೆ. ಹಲವು ದಿನ ಉಪವಾಸವಿದ್ದ ಗೊರವಯ್ಯ ಡೆಂಕನಮರಡಿಯಲ್ಲಿ ಬಿಲ್ಲೇರಿ 'ಸದ್ದಲೇ' ಎಂದಾಗ ಲಕ್ಷ ಜನ ಉಸಿರು ಬಿಗಿಹಿಡಿಯುತ್ತಾರೆ. ಒಂದು ವಾಕ್ಯ ನುಡಿದು ಅವನು ಕೆಳಕ್ಕೆ ಬೀಳುತ್ತಾನೆ. ಆ ವಾಕ್ಯದಲ್ಲಿ ಮಳೆ, ಬೆಳೆ, ರಾಜಕೀಯ ಎಲ್ಲವನ್ನೂ ಜನ ಹುಡುಕಿಕೊಳ್ಳುತ್ತಾರೆ. ಅದೇ ರೈತ ಜೂನ್ ಬಂದ ಮೇಲೆ ಮೊಬೈಲಿನಲ್ಲಿ 'ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ' ಎಂಬ ಸುದ್ದಿಗೂ ಕಿವಿಗೊಡುತ್ತಾನೆ. ಸಮುದ್ರಮಟ್ಟದಲ್ಲಿ ಗಾಳಿಯ ಸರಾಸರಿ ಒತ್ತಡ 1013 ಹೆಕ್ಟೊಪಾಸ್ಕಲ್. ಐನೂರು–ಆರುನೂರು ಮೀಟರ್ ಎತ್ತರದ ಈ ಬಯಲಿನಲ್ಲಿ ಸುಮಾರು 950. ಅಂದರೆ ಬಿಚ್ಚಿದ ಅಂಗೈ ಮೇಲೆ ಒಂದು ಕ್ವಿಂಟಲ್‌ನಷ್ಟು ಗಾಳಿ ಕೂತಿರುತ್ತದೆ. ಕೆಳಗಿನಿಂದಲೂ ಅಷ್ಟೇ ಒತ್ತುವುದರಿಂದ ಗೊತ್ತಾಗುವುದಿಲ್ಲ. ಕೊಲ್ಲಿಯ ಮೇಲೆ ಈ ಸಾವಿರದ ಲೆಕ್ಕದಲ್ಲಿ ಬೆರಳೆಣಿಕೆಯಷ್ಟು ಹೆಕ್ಟೊಪಾಸ್ಕಲ್ ಇಳಿದರೆ ಸಾಕು, ಮೋಡಗಳ ದಂಡು ಹೊರಡುತ್ತದೆ. ಮಳೆಯನ್ನು ಈ ಎರಡು ಬಾಯಿಗಳಿಂದ ಕೇಳುವ ರೈತನನ್ನು ಗೊಂದಲದವನು ಎಂದು ಪೇಟೆಯ ವಿಚಾರವಂತರು ತಿಳಿಯುತ್ತಾರೆ. ಅವನಿಗೆ ಗೊಂದಲವಿಲ್ಲ. ಕಾರ್ಣಿಕ ಅವನಿಗೆ ವರ್ಷವನ್ನು ಎದುರಿಸುವ ಧೈರ್ಯ ಕೊಡುತ್ತದೆ, ಹವಾಮಾನದ ಸುದ್ದಿ ಬಿತ್ತನೆಯ ದಿನ ಹೇಳುತ್ತದೆ. ಕಾರ್ಣಿಕ ಕೇಳಿಕೊಂಡು ಬೀಜದ ಚೀಲ ಬಿಚ್ಚಿದವರು ಕಡಿಮೆ.

ಪವಾಡವನ್ನು ಅಳೆದೇ ತೀರಬೇಕು ಎಂದವರು ಕರ್ನಾಟಕದಲ್ಲಿ ಆಗಿಹೋಗಿದ್ದಾರೆ. ಭೌತವಿಜ್ಞಾನಿ, ಗಾಂಧಿವಾದಿ ಡಾ. ಎಚ್. ನರಸಿಂಹಯ್ಯ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸಲು ಸಮಿತಿಯನ್ನೇ ಮಾಡಿದರು. ಅವರು ಕೇಳಿದ್ದು ಇಷ್ಟೇ: ಪ್ರಶ್ನೆ ಕೇಳದೆ ಯಾವುದನ್ನೂ ಒಪ್ಪಬೇಡಿ. ಬರಿಗೈಯಿಂದ ವಸ್ತು ಸೃಷ್ಟಿಸುತ್ತೇನೆ ಎನ್ನುವವರ ಮುಂದೆ ಆ ಪ್ರಶ್ನೆ ಇಡಲೇಬೇಕಿತ್ತು, ಯಾಕೆಂದರೆ ಅವರ ದೊಡ್ಡಸ್ತಿಕೆ ನಿಂತಿದ್ದೇ ವಸ್ತುವಿನ ನಿಯಮ ಮುರಿದೆವು ಎಂಬುದರ ಮೇಲೆ. ಮುಳ್ಳು ಮೆಟ್ಟುವ ಹರಕೆಯವನು ಹಾಗೆ ಎಲ್ಲಿ ಹೇಳಿಕೊಂಡ? ಅವನು ನಿಯಮವನ್ನು ಮುರಿಯುವುದಿಲ್ಲ, ನಿಯಮದ ಅಂಚಿನಲ್ಲಿ ಕಾಲಿಡುತ್ತಾನೆ. ಇಬ್ಬರನ್ನೂ ಒಂದೇ ತಕ್ಕಡಿಗೆ ಹಾಕುವುದು ಅವಸರ. ಅಮಾನವೀಯ ಪದ್ಧತಿಗಳನ್ನು ತಡೆಯುವ 2017ರ ಕರ್ನಾಟಕದ ಕಾಯ್ದೆ ಬಾಯಿಬೀಗದಂಥವನ್ನು ಹೆಸರಿಸಿ ನಿಷೇಧಿಸಿತು. ಅಲ್ಲಿ ಮುಖ್ಯವಾದದ್ದು ನಂಬಿಕೆ ಸರಿಯೋ ತಪ್ಪೋ ಎಂಬ ವಿಚಾರಕ್ಕಿಂತ ಮೈಗೆ ಆಗುವ ಗಾಯ. ಎಳೆಯ ಮಕ್ಕಳನ್ನೋ, ಬೇಡ ಎನ್ನಲಾಗದವರನ್ನೋ ಹರಕೆಯ ಹೆಸರಲ್ಲಿ ನಿಲ್ಲಿಸಿದಾಗ ಈ ಅಳತೆಯೇ ಸರಿ.

ಬೇಡ ಎನ್ನಲಾಗದಂತೆ ಮಾಡುವ ಒತ್ತಡವೂ ಒಂದಿದೆ, ಅದಕ್ಕೆ ಮಾನವಿಲ್ಲ. ಕೂಡ್ಲಿಗಿಯಲ್ಲಿ ಗಾಂಧೀಜಿಯ ಚಿತಾಭಸ್ಮ ಇಟ್ಟು ಕಟ್ಟಿದ ಸ್ಮಾರಕವಿದೆ. ಆ ಒತ್ತಡಕ್ಕೆ ಅವರ ಬದುಕಿನಲ್ಲೇ ಒಂದು ಉದಾಹರಣೆ ಸಿಗುತ್ತದೆ. 1932ರ ಸೆಪ್ಟೆಂಬರ್ 20ರಂದು ಯರವಡಾ ಜೈಲಿನಲ್ಲಿ ಗಾಂಧೀಜಿ, ದಲಿತರಿಗೆ ಕೊಟ್ಟ ಪ್ರತ್ಯೇಕ ಮತಕ್ಷೇತ್ರದ ವಿರುದ್ಧ ಉಪವಾಸ ಕೂತರು. ಅದು ತಮ್ಮ ಅಂತರಾತ್ಮದ ಕರೆ ಎಂದರು. ಅಂಬೇಡ್ಕರ್ ಅವರಿಗೆ ಅದು ತಮ್ಮ ಕತ್ತಿನ ಮೇಲೆ ಬಿದ್ದ ಒತ್ತಡವಾಗಿತ್ತು. ನಾಲ್ಕೇ ದಿನಕ್ಕೆ ಪೂನಾ ಒಪ್ಪಂದಕ್ಕೆ ಸಹಿ ಬಿತ್ತು. ಉಪವಾಸ ಕೂತವರ ನಾಡಿ, ತೂಕ, ರಕ್ತದೊತ್ತಡ ವೈದ್ಯರು ಬರೆದಿಟ್ಟುಕೊಳ್ಳಬಹುದು. ಎದುರು ಕೂತವನ ಮೇಲೆ ಬಿದ್ದದ್ದನ್ನು ಯಾವ ಯಂತ್ರ ಬರೆಯುತ್ತದೆ? ಒಂದೇ ವ್ರತ ಒಬ್ಬನಿಗೆ ತಪಸ್ಸು, ಇನ್ನೊಬ್ಬನಿಗೆ ಬಲವಂತ. ಈ ವ್ಯಾಜ್ಯ ಇನ್ನೂ ತೀರಿಲ್ಲ.

ಇಂಥ ಕಡೆ ಪಾಸ್ಕಲ್ ಮತ್ತೆ ನೆನಪಾಗುತ್ತಾನೆ. ಅವನು ಸತ್ತ ಮೇಲೆ ಪ್ರಕಟವಾದ ಟಿಪ್ಪಣಿಗಳಲ್ಲಿ ಇರವನ್ನು ಮೂರು ನೆಲೆಗಳಾಗಿ ವಿಂಗಡಿಸುತ್ತಾನೆ: ಮೈ, ಬುದ್ಧಿ, ಪ್ರೀತಿ. ಜಗತ್ತಿನ ಎಲ್ಲ ಮೈಗಳನ್ನು ಒಟ್ಟುಹಾಕಿದರೂ ಒಂದು ಸಣ್ಣ ಯೋಚನೆ ಹುಟ್ಟದು, ಎಲ್ಲ ಬುದ್ಧಿಯನ್ನು ಒಟ್ಟುಹಾಕಿದರೂ ಒಂದು ಹನಿ ನಿಜವಾದ ಪ್ರೀತಿ ಹುಟ್ಟದು ಎಂಬುದು ಅವನ ವಾದದ ಸಾರ. ಒಂದು ನೆಲೆಯ ದೊಡ್ಡಸ್ತಿಕೆ ಇನ್ನೊಂದರಲ್ಲಿ ಚಲಾವಣೆಯಾಗುವುದಿಲ್ಲ. ಇದರಲ್ಲಿ ಒಂದು ಬಿರುಕೂ ಇದೆ. ಪ್ರೀತಿಯ ನೆಲೆಯಿಂದ ಮೈಯ ನೆಲೆಗೆ ದಾರಿಯೇ ಇಲ್ಲವಾದರೆ ಅಕ್ಕನ ಮಗಳ ಕಣ್ಣು ಮುಳ್ಳಿನಿಂದ ಹೇಗೆ ವಾಸಿಯಾಯಿತು? ಇದಕ್ಕೆ ದೇವರ ಸ್ವಾತಂತ್ರ್ಯವನ್ನು ಮುಂದೆ ಮಾಡಬಹುದು; ಎಲ್ಲರಿಗೂ ಒಪ್ಪಿಗೆಯಾಗುವ ಉತ್ತರವಲ್ಲ ಅದು. ದೇವರಿದ್ದಾನೆ ಎಂದು ಪಣ ಕಟ್ಟು, ಗೆದ್ದರೆ ಎಲ್ಲ ನಿನ್ನದು, ಸೋತರೆ ಕಳೆಯುವುದೇನಿಲ್ಲ ಎಂಬ ಅವನ ಹೆಸರಾಂತ ವಾದವೂ ಹರಕೆ ಹೊರುವವರ ಲೆಕ್ಕಾಚಾರಕ್ಕಿಂತ ಮೇಲೇನೂ ಅಲ್ಲ; ಹರಕೆಯವರು ಕೊನೆಗೆ ಮುಡಿಯನ್ನಾದರೂ ಕೊಡುತ್ತಾರೆ.

ಆದರೂ ನೆಲೆಗಳ ವಿಂಗಡಣೆ ಕೆಲಸಕ್ಕೆ ಬರುತ್ತದೆ. ತೇರಿನ ಅಚ್ಚು ಮೈಯ ನೆಲೆಗೆ ಸೇರಿದ್ದು. ಅಲ್ಲಿ ಮಂತ್ರ, ಮಡಿ, ಹರಕೆ ಯಾವುದೂ ಒಂದು ಮೆಗಾಪಾಸ್ಕಲ್ ಕೂಡ ಸೇರಿಸದು. ತೇರು ಎಳೆಯಲು ಸಾವಿರಾರು ಕೈ ಯಾಕೆ ಬಂದವು ಎಂಬುದು ಬೇರೆ ನೆಲೆಯದು. ಅಲ್ಲಿ ಎಂಜಿನಿಯರ್ ಸಾಹೇಬರ ಸಹಿಗೆ ಬೆಲೆಯಿಲ್ಲ. ಇವೆರಡರಲ್ಲಿ ಒಂದನ್ನು ಇನ್ನೊಂದರ ಜಾಮೀನಿಗೆ ನಿಲ್ಲಿಸಿದಾಗಲೇ ಎಡವಟ್ಟಾಗುವುದು. ತೇರುಗಳ ಗಟ್ಟಿತನವನ್ನು ಎಂಜಿನಿಯರುಗಳಿಂದ ನೋಡಿಸಿ ಪ್ರಮಾಣಪತ್ರ ತೆಗೆದುಕೊಳ್ಳುವ ರೂಢಿ ರಾಜ್ಯದ ಹಲವು ಜಾತ್ರೆಗಳಲ್ಲಿ ಬಂದಿದೆ. ಅದರಿಂದ ಭಕ್ತಿಗೆ ಕುಂದುಂಟಾಯಿತೆಂದು ಯಾವ ಮಿಣಿಯೂ ಖಾಲಿ ಬಿದ್ದಿಲ್ಲ. ಆ ಪತ್ರ ಮಾತ್ರ ಸಾಮಾನ್ಯವಾಗಿ ಕಡತದಲ್ಲಿ ಉಳಿಯುತ್ತದೆ. ಜಾತ್ರೆಯ ಬ್ಯಾನರಿನಲ್ಲಿ, ಕರಪತ್ರದಲ್ಲಿ ಮುಹೂರ್ತ ಇರುತ್ತದೆ, ನಕ್ಷತ್ರ ಇರುತ್ತದೆ, ದಾಸೋಹದ ವಿವರ ಇರುತ್ತದೆ. ಅಚ್ಚನ್ನು ಯಾರು, ಯಾವ ತಾರೀಖಿಗೆ, ಎಷ್ಟು ಭಾರಕ್ಕೆ ಪರೀಕ್ಷಿಸಿದರು ಎಂಬ ಒಂದು ಸಾಲನ್ನೂ ಅದರ ಕೆಳಗೆ ಅಚ್ಚುಹಾಕಿಸಬಹುದು. ಸದ್ಯ ಆ ಜಾಗದಲ್ಲಿ ಶುಭಕೋರುವವರ ಫೋಟೊಗಳಿವೆ.